ಮೂರ್ತಿಗಳು ಮುಚ್ಚಿದ ವಾಲ್ವ್

ಬೆಳಗಿನ ಪಾಳಿಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ದಕ್ಷಿಣಾಮೂರ್ತಿಗಳ ಕಣ್ಣಿಗೆ ಅದು ಬಿತ್ತು: ರೀಸೈಕಲ್ ವಾಲ್ವ್ ಮೂವತ್ತು ಪರ್ಸೆಂಟ್ ತೆರೆದಿದೆ.

ಫರೀದಾಬಾದಿನಾಚೆಯ ಆ ಪುಟ್ಟ ಘಟಕದಲ್ಲಿ ನೈಸರ್ಗಿಕ ಅನಿಲವನ್ನು ಒತ್ತಿ, ತಣಿಸಿ, ದ್ರವ ಮಾಡುತ್ತಾರೆ. ಒತ್ತುವ ಕಂಪ್ರೆಸರ್‌ಗೆ ಅನಿಲ ಸಾಲದೆ ಉಸಿರು ಕಟ್ಟಬಾರದೆಂದು, ಒತ್ತಿದ್ದರಲ್ಲೇ ಒಂದಿಷ್ಟನ್ನು ಈ ವಾಲ್ವ್ ಹಿಂದಕ್ಕೆ ಕಳಿಸುತ್ತದೆ. ದಿಲ್ಲಿಯ ಮುದ್ರಿಕಾ ಬಸ್ಸು ಹತ್ತಿ ಇಳಿಯುವುದನ್ನೇ ಮರೆತು ರಿಂಗ್ ರೋಡ್ ಸುತ್ತುವವನ ಹಾಗೆ ಆ ಅನಿಲ ಸುಮ್ಮನೆ ಸುತ್ತುತ್ತಿರುತ್ತದೆ, ಕರೆಂಟು ದಂಡ. ಎರಡು ಪರ್ಸೆಂಟ್ ಸಾಕು ಎನ್ನುತ್ತದೆ ಕೈಪಿಡಿ. ನಂಬಿದವರಿಲ್ಲ. ಪ್ರತಿ ಪಾಳಿಯವನೂ 'ಸೇಫ್ಟಿಗೆ ಇರಲಿ' ಎಂದು ಇನ್ನೊಂದಿಷ್ಟು ತೆರೆದು ಹೋಗುವುದು ಅಲ್ಲಿಯ ಸಂಪ್ರದಾಯ. ಮುಚ್ಚುವ ಸಂಪ್ರದಾಯ ಇರಲಿಲ್ಲ.

ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಲು ಹೆಡ್ ಆಫೀಸಿನ ಹರಿಣಿ ಮೇಡಂ ಇವತ್ತೇ ಬರುವವರು. ಹೋದ ತಿಂಗಳು ಅವರ ಕೈಗೆ ಸಿಕ್ಕಿಬಿದ್ದವನೊಬ್ಬನನ್ನು ರಾಜಸ್ಥಾನದ ಮರಳುಗಾಡಿನ ಘಟಕಕ್ಕೆ ಎತ್ತಿ ಹಾಕಿದ್ದರು. ಮೂರ್ತಿಗಳ ಮಗಳು ಅಪೂರ್ವ ದಿಲ್ಲಿಯಲ್ಲಿ ಹನ್ನೆರಡನೇ ಕ್ಲಾಸು. "ಟ್ರಾನ್ಸ್‌ಫರ್ ಆದ್ರೆ ನೀವೊಬ್ರೇ ಹೋಗಿ, ಅಡುಗೆ ಕಲ್ತ್ಕೊಂಡು," ಎಂದು ಹೆಂಡತಿ ದೇವಕಿ ತೀರ್ಪು ಕೊಟ್ಟಾಗಿತ್ತು.

ಕಂಪ್ರೆಸರ್‌ನ ಒತ್ತಡಕ್ಕೆ ಗೇಜ್ ಇತ್ತು. ಮೂರ್ತಿಗಳದಕ್ಕೆ ಇರಲಿಲ್ಲ.

"ಬಂದ್ ಕರ್ ದೋ ಮೂರ್ತಿ ಜೀ, ಕುಛ್ ನಾ ಹೋತಾ!" ಎಂದು ಮುಚ್ಚಲು ಹುರಿದುಂಬಿಸಿದ ಮೆಕ್ಯಾನಿಕ್ ಚೌಧರಿ, ಒಂದು ಕಾಲು ಬಾಗಿಲಾಚೆ ಇಟ್ಟುಕೊಂಡು.

"ಅಯ್ಯೋ, ಮುಟ್ಬೇಡ್ರೀ!" ಎಂದರು ಪಕ್ಕದ ಕುರ್ಚಿಯ ಜಗನ್ನಾಥ. "ಕಂಪ್ರೆಸರ್ ಕಿರುಚೋದನ್ನ ನಾನು ಒಂದ್ಸಲ ಕೇಳಿದೀನಿ. ಹ್ಹೂಂಫ್! ಹ್ಹೂಂಫ್! ಥೇಟ್ ಎಮ್ಮೆಗೆ ಉಬ್ಬಸ ಬಂದ ಹಾಗೆ. ಆಮೇಲೆ ಇಡೀ ಪ್ಲಾಂಟೇ ಬಂದ್!"

ಮುಚ್ಚಿದರೆ ಪ್ಲಾಂಟ್ ಬಂದ್, ಬಿಟ್ಟರೆ ದಿಲ್ಲಿ ಬಂದ್. ಮೂರ್ತಿಗಳು ಕೀಬೋರ್ಡಿನಲ್ಲಿ ಇಪ್ಪತ್ತೊಂಬತ್ತು ಒತ್ತಿ ಕಿವಿ ಮುಚ್ಚಿಕೊಂಡರು. ಏನೂ ಆಗಲಿಲ್ಲ. ಇಪ್ಪತ್ತೆಂಟು. ಆಗಲೂ ಇಲ್ಲ. ಇಪ್ಪತ್ತೇಳರ ಮೊದಲ ಅಂಕಿ ಎರಡನ್ನು ಒತ್ತಿದ್ದರಷ್ಟೆ, ಧೈರ್ಯ ಬಂದು ಒಳಬಂದಿದ್ದ ಚೌಧರಿ "ಶಾಬಾಶ್!" ಎಂದು ಬೆನ್ನಿಗೊಂದು ಗುದ್ದಿದ. ಬೆರಳು ಹಾರಿ ಎಂಟರ್ ಮೇಲೆ ಬಿತ್ತು.

ವಾಲ್ವ್: ಎರಡು ಪರ್ಸೆಂಟ್.

ಚೌಧರಿ ಬಾಗಿಲಾಚೆ, ಜಗನ್ನಾಥ ಮೇಜಿನಡಿ. ಮತ್ತೆ ತೆರೆಯಹೋದ ಮೂರ್ತಿಗಳಿಗೆ ಮೂರರ ಕೀ ಎಲ್ಲಿದೆಯೆಂದೇ ಕಾಣಲಿಲ್ಲ. ಹೊರಗೆ ಕಂಪ್ರೆಸರ್ "ಹ್ಹೂಂ…" ಎಂದಿತು. ಮೂರ್ತಿಗಳು ಅಪೂರ್ವಳನ್ನು ನೆನೆದರು, ಮನೆದೇವರನ್ನು ನೆನೆದರು. ಕಂಪ್ರೆಸರ್ ಗಂಟಲು ಸರಿಮಾಡಿಕೊಂಡಂತೆ ಮತ್ತೆ ಎಂದಿನ "ಗುಂಯ್"ಗೆ ಮರಳಿತು.

ಆಗಲೇ ಹರಿಣಿ ಮೇಡಂ ಒಳಬಂದರು. ಮೀಟರ್ ನೋಡಿದರು, ವಾಲ್ವ್ ನೋಡಿದರು.

"ಕಿಸ್ನೇ ಬಂದ್ ಕಿಯಾ? ಯಾರ್ರೀ ಇದನ್ನ ಮುಚ್ಚಿದ್ದು?"

ಮೇಜಿನಡಿಯಿಂದ ಒಂದು ಬೆರಳು, ಬಾಗಿಲಾಚೆಯಿಂದ ಇನ್ನೊಂದು, ಎರಡೂ ಮೂರ್ತಿಗಳನ್ನೇ ತೋರಿಸಿದವು.

"ಕೈ ತಪ್ಪಿತು ಮೇಡಂ… ನಾನು ಮಹಾ ಪುಕ್ಕಲ…"

"ಹದಿನಾಲ್ಕು ಪರ್ಸೆಂಟ್ ಕರೆಂಟು ಉಳಿತಾ ಇದೆ ರೀ! ಎಂಟು ವರ್ಷದಿಂದ ಎಲ್ಲಾ ಪ್ಲಾಂಟಿಗೂ ಪತ್ರ ಬರೀತಿದೀನಿ, ಒಬ್ರಿಗೂ ಧೈರ್ಯ ಆಗ್ಲಿಲ್ಲ!"

ಹೋದ ಜೀವ ಬಂದಂತಾಗಿ ಮೂರ್ತಿಗಳು ಕುರ್ಚಿಗೆ ಕುಸಿದರು. ಮೇಡಂ ಎರಡು ನಿಮಿಷ ಫೋನಿನಲ್ಲಿ ಮಾತಾಡಿ, ನಗುತ್ತಾ ತಿರುಗಿದರು.

"ಡೈರೆಕ್ಟರ್ ಒಪ್ಪಿದ್ರು. ಮರಳುಗಾಡಿನ ಪ್ಲಾಂಟಲ್ಲಿ ಇಂಥ ವಾಲ್ವ್‌ಗಳು ಹನ್ನೊಂದಿವೆ, ಎಲ್ಲಾ ನಲವತ್ತರ ಮೇಲೆ ತೆರೆದಿವೆ. ಸೋಮವಾರವೇ ಹೊರಡಿ. ಮೂರೇ ವರ್ಷ."

"ಮೇಡಂ, ದೇವರಾಣೆ, ನಾನಲ್ಲ! ಚೌಧರಿ ಬೆನ್ನಿಗೆ ಗುದ್ದಿದ್ದಕ್ಕೆ…"

ಮೇಡಂ ಕಣ್ಣು ತುಂಬಿ ಬಂತು. "ಹೆಸರು ಬರೋ ಹೊತ್ತಲ್ಲೂ ಕೆಳಗಿನವರನ್ನ ಮುಂದೆ ಮಾಡ್ತೀರಲ್ಲ! ಇಂಥವರೇ ಬೇಕು ಅಲ್ಲಿಗೆ. ಮೂರು ಬೇಡ, ಐದು ವರ್ಷ ಅಂತ ಬರೆಸ್ತೀನಿ."