ಕೀಬೋರ್ಡಿನೊಳಗಿಂದ ಕೆಮ್ಮಿದ ಮಾವ

"ಒಂದು ಸಾಕೆಟ್ಟು! ಹೆಬ್ಬೆರಳಿನ ಉಗುರಿನಷ್ಟಿದೆ! ಇಡೀ ಡಿಪೋದ ಗೇಟು ಮುಚ್ಚಿಸಿದ ಕೈಗೆ ಇದೂ ಒಂದು ಕೆಲಸವೇನೇ?" ಎಂದು ಕಾರ್ಯದರ್ಶಿ ತೋಳು ಮಡಚಿದ.

ಬಸ್ ಡಿಪೋದ ಕಾರ್ಮಿಕ ಸಂಘಕ್ಕೆ ಅವನು ಎಷ್ಟು ಕಾಲದಿಂದ ಕಾರ್ಯದರ್ಶಿಯಾಗಿದ್ದನೆಂದರೆ, ಹಾಲಿನವನೂ ಅವನ ಹೆಸರು ಮರೆತಿದ್ದ. ಹೆಂಡತಿ ಮಾತ್ರ "ರೀ" ಎನ್ನುತ್ತಿದ್ದಳು. ಆಡಳಿತ ಮಂಡಳಿಯ ನೋಟಿಸುಗಳನ್ನೆಲ್ಲ ಒಟ್ಟು ಹಾಕಿದರೂ ಆ ಒಂದಕ್ಷರದಷ್ಟು ತೂಗುತ್ತಿರಲಿಲ್ಲ.

"ರೀ, ಆ ಕೀಬೋರ್ಡನ್ನ ಮುಟ್ಟಬೇಡಿ. ಶಾಲೆಯಿಂದ ಬಂದಮೇಲೆ ನಾನೇ ರಿಪೇರಿ ಅಂಗಡಿಗೆ ತಗೊಂಡು ಹೋಗ್ತೀನಿ."

"ಅವನು ಸುಲೀತಾನೆ ಕಣೇ!"

"ಸುಲೀಲಿ. ಅಪ್ಪ ಕೊನೇಸಲ ನುಡಿಸಿದ್ದು ಅದರೊಳಗೇ ರೆಕಾರ್ಡ್ ಆಗಿರೋದು. ಬೇರೆಲ್ಲೂ ಇಲ್ಲ. ಅದೇನಾದ್ರೂ ಅಳಿಸಿಹೋದ್ರೆ..." ಮಾತು ಅಲ್ಲಿಗೇ ನಿಲ್ಲಿಸಿ ಚಪ್ಪಲಿ ಮೆಟ್ಟಿದಳು. ಹೊಸ್ತಿಲಲ್ಲಿ ತಿರುಗಿ ನಿಂತಳು. "ಅಲ್ಲಾ, ಬೆಕ್ಕು ಹಾರಿದ್ದಕ್ಕೇ ಸಾಕೆಟ್ಟು ಮುರಿದು ಒಳಗೆ ಹೋಯ್ತಾ?"

"ಹಾರಿದ ರಭಸ ನೋಡ್ಬೇಕಿತ್ತು ನೀನು!"

ಕಿಟಕಿಯ ಮೇಲೆ ಮಲಗಿದ್ದ ಬೆಕ್ಕು ಒಂದು ಕಣ್ಣು ತೆರೆದು ಅವನನ್ನು ನೋಡಿತು. ಮತ್ತೆ ಮುಚ್ಚಿತು.

ನಿಜ ಏನೆಂದರೆ, ಬೆಕ್ಕಿಗೂ ಆ ಸಾಕೆಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ. ಹಿಂದಿನ ದಿನ ಡಿಪೋ ಗೇಟಿನ ಮುಂದೆ ಸಭೆ. ಸಂಘದ ಕೈಮೈಕು ಗಂಟಲು ಕಟ್ಟಿ ಸತ್ತುಬಿದ್ದಿತ್ತು. ಹೆಂಡತಿಯ ಕೀಬೋರ್ಡಿಗೆ ಮೈಕು ಸಿಕ್ಕಿಸುವ ತೂತಿದೆ, ಎರಡು ಸ್ಪೀಕರಿವೆ, ಇನ್ನೇನು ಬೇಕು? ಅವಳು ಶಾಲೆಗೆ ಹೋದದ್ದೇ ತಡ, ಹೆಗಲ ಮೇಲೆ ಹೊತ್ತು ನಡೆದ. ಕಾವಲುಗಾರನ ಗೂಡಿನಿಂದ ಕರೆಂಟು ಎಳೆದು ಅದರಲ್ಲೇ ಭಾಷಣ ಬಿಗಿದ. ಯಾವುದೋ ಗುಂಡಿ ಒತ್ತಿಹೋಗಿ ಮೂಲೆಯಲ್ಲಿ ಕೆಂಪು ದೀಪ ಹತ್ತಿತ್ತು. ಕೆಂಪು ತಾನೆ, ನಮ್ಮದೇ ಬಣ್ಣ ಎಂದು ಹಾಗೇ ಬಿಟ್ಟಿದ್ದ! ಸಭೆ ಮುಗಿದು, ಗುಂಡಿಗಳನ್ನೆಲ್ಲ ಆರಿಸಿ ಎತ್ತಬೇಕು ಎನ್ನುವಷ್ಟರಲ್ಲಿ ಯಾರದೋ ಕಾಲು ಕರೆಂಟಿನ ವೈರಿಗೆ ತೊಡರಿತು. ಸಾಕೆಟ್ಟು ಲಟಕ್ಕೆಂದಿತು.

ರಿಪೇರಿಯವನು ಇದನ್ನು ನೋಡಿದರೆ "ಅಮ್ಮಾ, ಇದು ಬೆಕ್ಕಿನ ಕೆಲಸ ಅಲ್ಲ" ಎಂದು ಹೇಳದೆ ಬಿಡುತ್ತಾನೆಯೇ? ಅವಳು ಬರುವುದರೊಳಗೆ ಸಾಕೆಟ್ಟು ಕೂರಲೇಬೇಕು. ಮಾವನ ಸಂಗೀತವೂ ಉಳಿಯಬೇಕು.

ಮಧ್ಯಾಹ್ನಕ್ಕೇ ಮೋಡ ಕವಿದು ನಡುಮನೆಯಲ್ಲಿ ಮಬ್ಬು ತುಂಬಿತ್ತು. ಗೂಟದಲ್ಲಿ ತೀರಿಹೋದ ಮಾವನ ಕಪ್ಪು ಕೋಟು ಇನ್ನೂ ನೇತಾಡುತ್ತಿತ್ತು. ತೋಳುಗಳು ಒಳಗೆ ಯಾರೋ ಇದ್ದ ಹಾಗೆ ತುಸು ಉಬ್ಬಿಕೊಂಡಿದ್ದವು. ಕಾರ್ಯದರ್ಶಿ ಅದಕ್ಕೆ ಬೆನ್ನು ಹಾಕಿ ಕೂತ; ಬೆನ್ನು ಜುಮ್ಮೆಂದಿತು; ತಿರುಗಿ ಕೂತ.

ಕೀಬೋರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದ. ನಿನ್ನೆ ಹೊತ್ತಾಗ ಇಷ್ಟು ಭಾರ ಇರಲಿಲ್ಲವಲ್ಲ! ಸತ್ತ ಮೇಲೆ ಎಲ್ಲವೂ ಭಾರವೇ ಎಂದುಕೊಂಡು ಸ್ಕ್ರೂ ಬಿಚ್ಚಿದ. ಹೊಟ್ಟೆ ತೆರೆದಾಗ ಒಳಗಿಂದ ಹಳೇ ಪೆಟ್ಟಿಗೆಯ ವಾಸನೆ ಬಂತು. ಎಲ್ಲೋ ಒಂದು ಕಡೆಯಿಂದ "ಟಿಕ್" ಎಂಬ ಸದ್ದೂ ಬಂತು.

"ಯಾರು?" ಎಂದ. ಮರುಕ್ಷಣ ತನ್ನ ಮೇಲೆ ತಾನೇ ರೇಗಿದ. ಲಾಠಿಗೆ ಹೆದರದವನು ಪ್ಲಾಸ್ಟಿಕ್ಕಿಗೆ ಹೆದರುವುದೇ?

ಸಂಘದಲ್ಲಿ ವೈರಿನ ಕೆಲಸಕ್ಕೆ ಇರುವುದು ಒಂದೇ ಶಾಸ್ತ್ರ: ಹಲ್ಲಲ್ಲಿ ಸಿಪ್ಪೆ ಕೀಳು, ತಿರುಚು, ಟೇಪು ಸುತ್ತು, ಪೊಲೀಸರು ಬರುವುದರೊಳಗೆ ಭಾಷಣ ಮುಗಿಸು. ಬೆಸುಗೆ ಹಾಕುತ್ತ ಕೂರುವವರು ಚಳವಳಿ ಮಾಡಿದ ಹಾಗೇ! ಸತ್ತ ಕೈಮೈಕಿನಿಂದ ಸಾಕೆಟ್ಟು ಕಿತ್ತ. ತಿರುಚಿದ. ಸುತ್ತಿದ. ಮುಚ್ಚಳ ಹಾಕಿದ ಮೇಲೆ ಕಪ್ಪು ಟೇಪಿನ ತುದಿಯೊಂದು ಸಂದಿನಿಂದ ನಾಲಗೆಯಂತೆ ಹೊರಚಾಚಿತು. ಅದನ್ನೂ ಒಳಗೆ ತುರುಕಿದ. ಪ್ಲಗ್ಗು ಚುಚ್ಚಿ ಸ್ವಿಚ್ಚು ಒತ್ತಿದ.

ದೀಪ ಹತ್ತಿತು!

"ಗೆಲುವು ನಮ್ಮದೇ!" ಎಂದು ಮುಷ್ಟಿ ಎತ್ತಿದ. ಆದರೆ ಒಂದು ಸ್ವರದ ಮನೆ ಒತ್ತಿದ, ಸದ್ದಿಲ್ಲ. ಇನ್ನೊಂದು ಒತ್ತಿದ, ಇಲ್ಲ. ಅಳಿಸಿಹೋಯಿತೇ? ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ. ಮೌನ. ಬಾವಿಯೊಳಗೆ ಬಗ್ಗಿ ನೋಡಿದಾಗ ಇರುತ್ತದಲ್ಲ, ಅಂಥ ಮೌನ.

ಆಮೇಲೆ ಸ್ಪೀಕರಿನೊಳಗೆ ಯಾರೋ ಉಸಿರೆಳೆದರು.

ಒಂದು ಕೆಮ್ಮು. ಆ ಕೆಮ್ಮು ಕಾರ್ಯದರ್ಶಿಗೆ ಗೊತ್ತಿತ್ತು. ಅದು ಕೇಳಿಸಿದೊಡನೆ ಸಿಗರೇಟು ಕಿಟಕಿಯಾಚೆ ಎಸೆಯುವ ಅಭ್ಯಾಸ ಇನ್ನೂ ಅವನ ಬೆರಳಿನಲ್ಲಿತ್ತು.

"ಯಾರದು?" ಎಂದಿತು ದನಿ.

"ಮಾ... ಮಾವ?"

"ಬಂದ್ಯಾ? ಕೂತ್ಕೊ."

ಕೂತ. ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತ, ಪುಣ್ಯಕ್ಕೆ ಇತ್ತು. ಬದುಕಿದ್ದಾಗಲೂ ಮಾವ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಸತ್ತಮೇಲೆ ಬಹುವಚನಕ್ಕೆ ಏರಿಸುತ್ತಾರೆಂದು ನಿರೀಕ್ಷಿಸುವುದು ತಪ್ಪು.

"ಬೆನ್ನು ನೆಟ್ಟಗೆ!"

ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೈಯನ್ನು ಸ್ವಿಚ್ಚಿನ ಕಡೆ ಮೆಲ್ಲಗೆ ಸರಿಸಿದ.

"ಕೈ ತೆಗಿ ಅಲ್ಲಿಂದ!"

ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದ. ಉಳಿದದ್ದು ಒಂದೇ ದಾರಿ. ಗೋಡೆಗೆ ಹಾರಿ ಪ್ಲಗ್ಗನ್ನು ಕಿತ್ತೆಸೆದ. ವೈರು ನೆಲದ ಮೇಲೆ ಸತ್ತ ಹಾವಿನಂತೆ ಬಿತ್ತು.

ದೀಪ ಉರಿಯುತ್ತಲೇ ಇತ್ತು.

"ಏನ್ ಅವಸರ ನಿಂಗೆ?" ಎಂದರು ಮಾವ.

ಕರೆಂಟಿಲ್ಲದೆ ಮಾತಾಡುವ ಯಂತ್ರವನ್ನು ಕಾರ್ಯದರ್ಶಿ ಅದುವರೆಗೆ ಕಂಡಿರಲಿಲ್ಲ. ಗೂಟದ ಕೋಟಿನ ತೋಳು ಗಾಳಿಗೆ ಅಲುಗಿತು. ಗಾಳಿ ಎಲ್ಲಿಂದ ಬಂತೋ! ಕಿಟಕಿಯ ಮೇಲಿನ ಬೆಕ್ಕು ಎದ್ದು, ಬಾಗಿಲ ಕಡೆ ದಿಟ್ಟಿಸಿ, ಬಾಲ ನೆಟ್ಟಗೆ ಮಾಡಿಕೊಂಡಿತು. ತಿರುಗಿ ನೋಡುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ.

"ಹೇಳು ಈಗ. ಎಲ್ಲಿ ತಪ್ಪಿದೆ?" ಎಂದಿತು ದನಿ.

ಠಾಣೆಯಲ್ಲಿ ರಾತ್ರಿಯಿಡೀ ನಿಲ್ಲಿಸಿದರೂ ಬಾಯಿ ಬಿಡದಿದ್ದವನು ಎಲ್ಲವನ್ನೂ ಬಡಬಡನೆ ಒದರಿಬಿಟ್ಟ.

"ಬೆಕ್ಕಲ್ಲ ಮಾವ! ನಾನೇ! ನಿಮ್ಮ ವಾದ್ಯ ಗೇಟಿನ ಹತ್ರ ಹೊತ್ಕೊಂಡು ಹೋಗಿ ಅದ್ರಲ್ಲಿ ಭಾಷಣ ಮಾಡ್ದೆ. ಸಾಕೆಟ್ಟು ಅಲ್ಲೇ ಮುರೀತು. ನಿಮ್ಮ ಮಗಳ ಹತ್ರ ಸುಳ್ಳು ಹೇಳ್ದೆ. ಆ ಬಾಯಿಲ್ಲದ ಪ್ರಾಣಿ ಮೇಲೆ ಹಾಕ್ಬಿಟ್ಟೆ. ನೀವು ನುಡಿಸಿದ್ದೂ ಹೋಯ್ತೋ ಏನೋ. ನನ್ನ ಬಿಟ್ಬಿಡಿ ಮಾವ, ಅವಳಿಗೆ ಅದೊಂದನ್ನಾದ್ರೂ ಉಳಿಸ್ಕೊಡಿ!"

ಮಬ್ಬಿನೊಳಗೆ, ಯಾರೂ ಮುಟ್ಟದೆಯೇ, ಒಂದು ಸ್ವರ ಎದ್ದಿತು. ಅದರ ಹಿಂದೆ ಇನ್ನೊಂದು. ಮಾವನ ಆ ಹಳೆಯ ನಿಧಾನದ ನಡಿಗೆಯಲ್ಲೇ ಸಂಗೀತ ನಡುಮನೆಯ ತುಂಬ ಹರಿಯಿತು.

"ಉಳಿದಿದೆ ಬಿಡಿ," ಎಂದಿತು ಹಿಂದಿನಿಂದ ಹೆಣ್ಣುದನಿ.

ಕಾರ್ಯದರ್ಶಿ ಕುರ್ಚಿಯ ಸಮೇತ ಉರುಳಿದ. ಬಾಗಿಲಲ್ಲಿ ಹೆಂಡತಿ ಚಪ್ಪಲಿ ಬಿಡುತ್ತಿದ್ದಳು. ಅಂದು ಶಾಲೆ ಅರ್ಧ ದಿನವೇ ಇತ್ತು. ಬೆಕ್ಕು ಅವಳ ಕಾಲಿಗೆ ಮೈಯುಜ್ಜಿತು.

"ಅಪ್ಪ ಮಕ್ಕಳಿಗೆ ಪಾಠ ಹೇಳ್ತಾ ನುಡಿಸಿದ್ದು ಅದು. ಮೈಕಲ್ಲಿ ಮಾತೂ ಸೇರ್ಕೊಂಡಿದೆ. ಯಾವನೋ ಹುಡುಗ ತಡವಾಗಿ ಬಂದಿದ್ದ, ಅವನಿಗೆ ಬೈತಾ ಇದ್ದಾರೆ."

"ಕ... ಕರೆಂಟೇ ಇಲ್ಲ ಕಣೇ! ಪ್ಲಗ್ಗು ಕಿತ್ತಾಕಿದೀನಿ!"

"ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಸೆಲ್ ಹಾಕ್ದೆ. ಕೆಳಗಿನ ಆ ಮುಚ್ಚಳ ತೆಗೆದು ನೋಡೇ ಇಲ್ವಾ? ಅಪ್ಪಂದು ಉಳಿದಿದೆಯಾ ಅಂತ ಕೇಳ್ಬೇಕಿತ್ತು, ಹೆಡ್‌ಫೋನ್ ಕಿವಿಗೆ ಹಾಕ್ಕೊಂಡು ಕೇಳ್ದೆ."

ಹಾಗಾದರೆ ದೀಪ ಹತ್ತಿದ್ದು ತನ್ನ ಸಾಕೆಟ್ಟಿನಿಂದಲ್ಲ! ಕಾರ್ಯದರ್ಶಿ ಬಿದ್ದಲ್ಲಿಂದಲೇ ಪ್ಲಗ್ಗನ್ನು ನೋಡಿದ. ಕೀಬೋರ್ಡಿನ ಸಂದಿನಿಂದ ಟೇಪಿನ ನಾಲಗೆ ಮತ್ತೆ ಹೊರಚಾಚಿತ್ತು.

"ಅಪ್ಪಂದು ಮುಗಿದ ಮೇಲೆ ಇನ್ನೊಂದು ರೆಕಾರ್ಡಿಂಗ್ ಇತ್ತು ರೀ. ನಮ್ಮ ಬೆಕ್ಕಿಂದು. ಎಷ್ಟು ಚೆನ್ನಾಗಿ ಭಾಷಣ ಮಾಡುತ್ತೆ ಗೊತ್ತಾ? ನೀವೂ ಕೇಳಿ."

ಕೆಂಪು ದೀಪ! ಅವನಿಗೆ ಈಗ ಹೊಳೆಯಿತು. ತಡೆಯಲು ಏಳುವಷ್ಟರಲ್ಲಿ ಅವಳು ಗುಂಡಿ ಒತ್ತಿಯಾಗಿತ್ತು. ಅವನ ದನಿಯೇ ಕಿಟಕಿ ಗಾಜು ಅದುರಿಸುತ್ತ ಮೊಳಗಿತು:

"ಸಂಗಾತಿಗಳೇ! ಮಾಡೋದು ಒಂದು, ಹೇಳೋದು ಇನ್ನೊಂದು! ತಮ್ಮ ತಪ್ಪನ್ನ ಬಾಯಿಲ್ಲದೋರ ತಲೆ ಮೇಲೆ ಹಾಕಿ ಎದೆ ಸೆಟೆಸಿ ಓಡಾಡೋ ಇಂಥ ಸುಳ್ಳುಗಾರರಿಗೆ—"

ಅವಳು ಅಲ್ಲಿಗೆ ಗುಂಡಿ ಆರಿಸಿದಳು. ಬೆಕ್ಕನ್ನು ಎತ್ತಿ ಕಂಕುಳಿಗೇರಿಸಿಕೊಂಡಳು. ಅದರ ಮುಂಗಾಲನ್ನು ಹಿಡಿದು ಮುಷ್ಟಿಯಂತೆ ಮೇಲೆತ್ತಿ, ಮೆಲ್ಲಗೆ ಅಂದಳು:

"ಧಿಕ್ಕಾರ."