ಮೇಷ್ಟ್ರ ಬ್ಲಾಗು ಮತ್ತು ಪ್ರತ್ಯಕ್ಷದರ್ಶಿ

ತಿರುಮಕೂಡಲು ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಸೀತಾರಾಮ ಮೇಷ್ಟ್ರಿಗೆ ಮುಚ್ಚಳ ಇರುವ ವಸ್ತು ಯಾವುದನ್ನು ಕಂಡರೂ ತೆಗೆದು ನೋಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಮನೆಯವರು ಕೊಟ್ಟ ಮಿಕ್ಸಿಯನ್ನು, ಅದು ಚೆನ್ನಾಗಿಯೇ ಓಡುತ್ತಿದ್ದಾಗ, ಒಳಗೆ ಹೇಗೆ ತಿರುಗುತ್ತದೆ ನೋಡೋಣ ಅಂತ ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದರು. (ಹೇಗೆ ತಿರುಗುತ್ತದೆ ಅನ್ನುವುದು ತಿಳಿಯಿತು. ಆಮೇಲೆ ಅದು ತಿರುಗಲಿಲ್ಲ.) ಹೆಂಡತಿ ಪುಟ್ಟಲಕ್ಷ್ಮಿ ನಂಜನಗೂಡಿನವರು. ಆಕೆ ಜಗಳವಾಡಲಿಲ್ಲ. ಗಂಡನ ಕೈಗೆ ಸ್ಕ್ರೂಡ್ರೈವರು ಬಂದಾಗಲೆಲ್ಲ ಬೆಲೆಬಾಳುವ ಸಾಮಾನುಗಳನ್ನು ಪಕ್ಕದ ಮನೆಗೆ ಸಾಗಿಸುವ ಅಭ್ಯಾಸ ಮಾಡಿಕೊಂಡರು.

ಇಂಥ ಮನುಷ್ಯರ ಮನೆಗೆ ಎರಡು ಸಾವಿರದ ಏಳನೇ ಇಸವಿಯಲ್ಲಿ ಬ್ರಾಡ್‌ಬ್ಯಾಂಡು ಬಂತು. ಲೋಕದ ಮುಚ್ಚಳವೇ ತೆರೆದ ಹಾಗಾಯಿತು. ಕಂಡವರ ಬ್ಲಾಗನ್ನು ಓದುವುದಕ್ಕಿಂತ ತಾನೇ ಒಂದು ಬರೆಯುವುದು ಮೇಲು ಅನ್ನಿಸಿ, ಮೇಷ್ಟ್ರು ಇಂಟರ್‌ನೆಟ್ಟಿನಲ್ಲಿ ಸ್ವಂತಕ್ಕೊಂದು ಜಾಗ ಬಾಡಿಗೆಗೆ ಹಿಡಿದು, 'ಯಾಕೆ ಹೀಗೆ?' ಅಂತ ಬೋರ್ಡು ಹಾಕಿದರು. ವಾರಕ್ಕೊಂದು ಪ್ರಶ್ನೆ. ಹಾಲು ಉಕ್ಕುವ ಗಳಿಗೆಗೇ ಮನುಷ್ಯನ ಕಣ್ಣು ಆಚೆ ಹೋಗುವುದು ಯಾಕೆ? ಹುಳಿ ಮಾರನೆಯ ದಿನಕ್ಕೆ ರುಚಿಯಾಗುವುದು ಯಾಕೆ? ಕೂಗಿ ಕರೆದರೆ ಕೇಳಿಸದ ಹೆಂಡತಿಗೆ ಗೊಣಗಿದ್ದು ಕೇಳಿಸುವುದು ಯಾಕೆ? ಪ್ರತಿಯೊಂದಕ್ಕೂ ಸ್ವಗೃಹದಲ್ಲೇ ಪ್ರಯೋಗ, ಅವಲೋಕನ, ನಿರ್ಣಯ. ಪ್ರಯೋಗ ಕೆಟ್ಟರೆ ಅದಕ್ಕೆ ಕಾರಣ 'ನಮ್ಮ ಮನೆಯವರು' ಅಂತ ವಿನಯದಿಂದ ಬರೆಯುತ್ತಿದ್ದರು. ಮನೆಯವರಿಗೆ ಓದಲು ಪುರುಸೊತ್ತಿರಲಿಲ್ಲ, ಅಥವಾ ಇರಲಿಲ್ಲ ಅಂತ ಅವರು ಹೇಳುತ್ತಿದ್ದರು.

ಬರೆದು ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬ್ಲಾಗಿಗೆ ಪ್ಲಗಿನ್ನು ಅನ್ನುವ ಪದಾರ್ಥ ಉಂಟೆಂದು ಮೇಷ್ಟ್ರಿಗೆ ತಿಳಿದುಹೋಯಿತು. ಅದೇನು ಅಂತ ಪುಟ್ಟಲಕ್ಷ್ಮಿ ಕೇಳಿದ್ದಕ್ಕೆ, ನಮ್ಮ ಗ್ರೈಂಡರಿಗೆ ಕಾಯಿ ತುರಿಯುವುದು, ಹಿಟ್ಟು ನಾದುವುದು ಅಂತ ಬೇರೆ ಬೇರೆ ಜೋಡಿಸುತ್ತೇವಲ್ಲ, ಹಾಗೇ ಬ್ಲಾಗಿಗೂ ಬೇಕಾದ್ದನ್ನು ಜೋಡಿಸಬಹುದು ಅಂತ ವಿವರಿಸಿದರು. ಅವೆರಡೂ ಬಂದ ದಿನದಿಂದ ಅಟ್ಟದ ಮೇಲಿವೆ ಅಂತ ಪುಟ್ಟಲಕ್ಷ್ಮಿ ನೆನಪಿಸಿದರು.

ಮೇಷ್ಟ್ರು ಜೋಡಿಸಿದರು. ಎಷ್ಟು ಜನ ಬಂದರು ಅಂತ ಎಣಿಸುವುದೊಂದು. ಬಂದವರು ಲೇಖನಕ್ಕೆ ನಕ್ಷತ್ರ ಕೊಡುವುದಕ್ಕೊಂದು. ವಾರಕ್ಕೊಮ್ಮೆ ತಾನಾಗಿ ಬ್ಯಾಕಪ್ಪು, ಎಂದರೆ ಎಲ್ಲದರ ನಕಲು, ತೆಗೆದಿಡುವುದೊಂದು. ಪುಟದ ಮೇಲೆ ಹಿಮ ಬೀಳಿಸುವುದೊಂದು. ಏಪ್ರಿಲ್ಲಿನಲ್ಲಿ, ನರಸೀಪುರದ ಸೆಕೆಗೆ ಊದುಬತ್ತಿ ಬಾಗುವುದು ಯಾಕೆ ಅನ್ನುವ ಲೇಖನದ ಮೇಲೆ ಹಿಮ ಧಾರಾಕಾರ ಸುರಿಯುತ್ತಿತ್ತು.

ಎಲ್ಲಕ್ಕಿಂತ ಅವರನ್ನು ಮರುಳುಮಾಡಿದ್ದು ಓದುಗರ ಊರಿಗೆ ಚುಕ್ಕಿ ಇಡುವ ಭೂಪಟ. ಅದರಲ್ಲಿ ಬೆಂಗಳೂರಿನ ಮೇಲೆ ಒಂದು ದಪ್ಪ ಕೆಂಪು ಚುಕ್ಕಿ ಮೂಡಿತು. ರಾಜಧಾನಿ ತನ್ನನ್ನು ಓದುತ್ತಿದೆ ಅಂತ ಮೇಷ್ಟ್ರು ಸ್ಟಾಫ್ ರೂಮಿನಲ್ಲೂ ಊಟಕ್ಕೆ ಕೂತಾಗಲೂ ಹೇಳಿಕೊಂಡರು. ಆಮೇಲೊಮ್ಮೆ ನರಸೀಪುರದಲ್ಲಿ ಟ್ರಾನ್ಸ್‌ಫಾರ್ಮರು ಸುಟ್ಟು ಕರೆಂಟು ಹೋಯಿತು. ಬಂದಮೇಲೆ ನೋಡಿದರೆ, ಅಷ್ಟೂ ಹೊತ್ತು ಬೆಂಗಳೂರಿನವರೂ ಏನೂ ಓದಿರಲಿಲ್ಲ. ವಿಜ್ಞಾನದ ಮೇಷ್ಟ್ರು, ಕಾರ್ಯಕಾರಣ ಸಂಬಂಧ ಬಿಟ್ಟಾರೆಯೇ? ವಿಚಾರಿಸಿದಾಗ, ಈ ಸೀಮೆಯ ಕನೆಕ್ಷನ್ನುಗಳೆಲ್ಲ ಭೂಪಟಕ್ಕೆ ಬೆಂಗಳೂರಿನ ಹಾಗೆ ಕಾಣುತ್ತವೆ ಅಂತ ಗೊತ್ತಾಯಿತು. ಆ ದಪ್ಪ ಚುಕ್ಕಿ ಬಹುಪಾಲು ಸೀತಾರಾಮ ಮೇಷ್ಟ್ರೇ.

ಬಹುಪಾಲು, ಪೂರ್ತಿ ಅಲ್ಲ. ಇನ್ನೊಬ್ಬರಿದ್ದರು. 'ಪ್ರತ್ಯಕ್ಷದರ್ಶಿ' ಅನ್ನುವ ಹೆಸರಿನಲ್ಲಿ ಪ್ರತಿ ಲೇಖನದ ಕೆಳಗೂ ಒಂದು ಕಾಮೆಂಟು ಬೀಳುತ್ತಿತ್ತು. "ಹಾಲು ಉಕ್ಕಿದಾಗ ಒಲೆಯ ಮುಂದೆ ಇದ್ದವರು ತಮ್ಮ ಮನೆಯವರಲ್ಲ. ತಾವು. ಉಕ್ಕಲು ಎಷ್ಟು ನಿಮಿಷ ಬೇಕೆಂದು ನೋಡಲು ಗಡಿಯಾರ ತರಲು ಹೋಗಿದ್ದಿರಿ." ಇನ್ನೊಂದು ಸಲ: "ಎಣ್ಣೆ ಭರಣಿ ಉರುಳಿಸಿದ್ದು ಬೆಕ್ಕಲ್ಲ. ಬೆಕ್ಕು ಆಗ ಹಿತ್ತಲಿನಲ್ಲಿ ಮಲಗಿತ್ತು."

ಮೇಷ್ಟ್ರಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಬೆಕ್ಕು ಮಲಗಿದ್ದ ಜಾಗ ಲೋಕಕ್ಕೆ ಹೇಗೆ ತಿಳಿಯಿತು? ಕಿಟಕಿಗೆ ಪರದೆ ಹಾಕಿಸಿದರು. ಆಚೆ ಮನೆಯವರನ್ನು ಅನುಮಾನಿಸಿ, ಅವರ ಮನೆಯಲ್ಲಿ ಕಂಪ್ಯೂಟರಿಲ್ಲ ಅಂತ ಖಾತ್ರಿ ಮಾಡಿಕೊಂಡು ಬಿಟ್ಟರು. ಹೆಂಡತಿಯನ್ನು ಅನುಮಾನಿಸಲಿಲ್ಲ. ಆಕೆಗೆ ಮೌಸು ಹಿಡಿಯಲೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮೈಸೂರಿನಿಂದ ಒಂದು ಆಹ್ವಾನ ಬಂತು. ಕನ್ನಡದಲ್ಲಿ ಬ್ಲಾಗು ಬರೆಯುವವರ ಸಭೆಯಂತೆ. 'ಯಾಕೆ ಹೀಗೆ?'ಯನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾ ಮೇಷ್ಟ್ರು ಮಾತಾಡಬೇಕಂತೆ. ಮೇಷ್ಟ್ರಿಗೆ ಮೊದಲು ಆನಂದವಾಯಿತು, ಹಿಂದೆಯೇ ದಿಗಿಲಾಯಿತು. ಪರದೆಯ ಮೇಲೆ ಲೇಖನದ ಜೊತೆ ಪ್ರತ್ಯಕ್ಷದರ್ಶಿಯೂ ದೊಡ್ಡದಾಗಿ ಕಾಣುತ್ತಾನಲ್ಲ. ಸಭೆಗೆ ಮುಂಚೆ ಆ ಆಸಾಮಿ ಯಾರೆಂದು ಹಿಡಿಯಲೇಬೇಕು ಅಂತ ಹುಡುಕಿ, ಓದುಗರ ಕುಲಗೋತ್ರ ಬಯಲು ಮಾಡುತ್ತೇನೆಂದು ಹೇಳಿಕೊಂಡಿದ್ದ ಹೊಸ ಪ್ಲಗಿನ್ನೊಂದನ್ನು ಜೋಡಿಸಿದರು.

ಪುಟ ಬೆಳ್ಳಗಾಯಿತು. ಹಿಮದ ಬಿಳುಪಲ್ಲ, ಏನೂ ಇಲ್ಲದ ಬಿಳುಪು. ತಾಳ್ಮೆಯಿಂದ ಆ ಹೊಸದೊಂದನ್ನು ಕಿತ್ತಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತ ಅವರಿಗೆ ಆಮೇಲೆ ತಿಳಿಯಿತು. ಆದರೆ ಆ ಹೊತ್ತಿಗೆ, ಮಿಕ್ಸಿ ಬಿಚ್ಚಿದ ಕೈ ಸುಮ್ಮನಿರಲಿಲ್ಲ. 'ಪೂರ್ತಿ ತೆಗೆದು ಹೊಸದಾಗಿ ಹಾಕು' ಅನ್ನುವ ಗುಂಡಿ ಕಂಡಿತು. ನಿಜವಾಗಿಯೂ ತೆಗೆಯಲೇ ಅಂತ ಕಂಪ್ಯೂಟರು ಕೇಳಿತು. ಹೂಂ ಅಂದರು. ಇನ್ನೊಮ್ಮೆ ಕೇಳಿತು. ಒಂದೇ ಮಾತು ಎರಡೆರಡು ಸಲ ಕೇಳುತ್ತೀಯಲ್ಲ ಅಂತ ರೇಗಿ ಮತ್ತೆ ಹೂಂ ಅಂದರು. ಎಲ್ಲ ಹೋಯಿತು.

ಹೋದರೇನು, ವಾರವಾರ ಬ್ಯಾಕಪ್ಪು ಆಗುತ್ತಿತ್ತಲ್ಲ ಅಂತ ಧೈರ್ಯವಾಗಿ ಹುಡುಕಲು ಹೋದರು. ಬ್ಯಾಕಪ್ಪು ತನ್ನ ಕರ್ತವ್ಯದಲ್ಲಿ ಒಂದು ವಾರವೂ ತಪ್ಪಿರಲಿಲ್ಲ. ಎಲ್ಲವನ್ನೂ ನಕಲು ಮಾಡಿ ಮಾಡಿ, ಅದೇ ಬ್ಲಾಗಿನ ಒಳಗೇ ಒಂದು ಮೂಲೆಯಲ್ಲಿ ಜೋಪಾನವಾಗಿ ಇಡುತ್ತಿತ್ತು. ಮನೆಯ ಜೊತೆ ಮೂಲೆಯೂ ಹೋಗಿತ್ತು. ಬಾಡಿಗೆಗೆ ಜಾಗ ಕೊಟ್ಟವರಿಗೆ ಬರೆದರೆ, ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರರು ಅಂತ ಇಂಗ್ಲಿಷಿನಲ್ಲಿ ಮರುತ್ತರ ಬಂತು.

ಮೇಷ್ಟ್ರು ಮಧ್ಯಾಹ್ನ ಊಟ ಮಾಡಲಿಲ್ಲ. ಪುಟ್ಟಲಕ್ಷ್ಮಿ ಬಂದು ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ, ಪೆಟ್ಟಿಗೆ ಬೀಗದ ಕೈನ ಪೆಟ್ಟಿಗೆ ಒಳಗೇ ಇಟ್ಟು ಬೀಗ ಒತ್ತಿದ ಹಾಗೆ."

"ಹಾಗೇ ಕಣೇ."

"ಇರ್ಲಿ ಬಿಡಿ. ಯಾರಾದ್ರೂ ಓದಿದೋರು ಇಟ್ಕೊಂಡಿರ್ತಾರೆ," ಅಂದು ಎದ್ದು ಹೋದರು. ಆ ಮಾತಿನಲ್ಲಿ ಇದ್ದ ನೆಮ್ಮದಿ ಸ್ವಲ್ಪ ಜಾಸ್ತಿಯಾಗಿತ್ತು ಅನ್ನುವುದು ಮೇಷ್ಟ್ರಿಗೆ ಹೊಳೆಯಲಿಲ್ಲ.

ಆದರೆ ಮಾತು ಹಿಡಿಸಿತು. ಯಾರಾದರೂ ಕಾಮೆಂಟು ಬರೆದರೆ ಅದರ ಒಂದು ಪ್ರತಿ ಮೇಷ್ಟ್ರ ಇಮೇಲಿಗೆ ಬರುವ ಏರ್ಪಾಡಿತ್ತು. ತೆರೆದು ನೋಡಿದರೆ ಪ್ರತ್ಯಕ್ಷದರ್ಶಿ ಸಾಲುಗಟ್ಟಿ ನಿಂತಿದ್ದ. ಮೇಷ್ಟ್ರು ಬರೆದ ಒಂದಕ್ಷರವೂ ಉಳಿದಿರಲಿಲ್ಲ. ಅವರು ಬರೆದದ್ದು ಸುಳ್ಳು ಅನ್ನುವ ಆಕ್ಷೇಪಣೆಗಳು ಮಾತ್ರ ಕೂದಲೂ ಕೊಂಕದೆ ಉಳಿದಿದ್ದವು. ಪ್ರತಿಯೊಂದರ ಜೊತೆಗೂ ಆಸಾಮಿಯ ಇಮೇಲು ವಿಳಾಸ ಮೊದಲಿನಿಂದಲೂ ಇತ್ತು. ಸುಳ್ಳು ವಿಳಾಸವೇ ಇರಬೇಕು ಅಂತ ತಿಳಿದು ಮೇಷ್ಟ್ರು ಒಮ್ಮೆಯೂ ಬರೆದು ನೋಡಿರಲಿಲ್ಲ. ಈಗ ಸ್ವಾಭಿಮಾನವನ್ನು ಅಟ್ಟಕ್ಕೆ ಹಾಕಿ, ತಮ್ಮ ಬಳಿ ನನ್ನ ಲೇಖನಗಳ ನಕಲು ಇದ್ದರೆ ದಯಮಾಡಿ ಕೊಡಬೇಕು ಅಂತ ಬರೆದರು. ಸಂಜೆಯೊಳಗೆ ಉತ್ತರ ಬಂತು. ಎಲ್ಲವೂ ಇದೆ, ಭಾನುವಾರ ಬಂದು ತೆಗೆದುಕೊಂಡು ಹೋಗಿ ಅಂತ. ಕೆಳಗಿದ್ದ ವಿಳಾಸ ನಂಜನಗೂಡಿನದು, ಮೇಷ್ಟ್ರ ಷಡ್ಡಕ ಸುಪ್ರೀತನ ಮನೆಯದು.

ಭಾನುವಾರ ನಂಜನಗೂಡಿನ ಬಸ್ಸಿನಲ್ಲಿ ಕೂತು ಮೇಷ್ಟ್ರು ಇದನ್ನೇ ಮತ್ತೆ ಮತ್ತೆ ಯೋಚಿಸಿದರು. ಸುಪ್ರೀತ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವವನು. ಪೇಪರಿನಲ್ಲಿ ಕ್ರಿಕೆಟ್ಟಿನ ಪುಟ ಬಿಟ್ಟು ಇನ್ನೇನೂ ಓದುವವನಲ್ಲ. ಅವನಿಗೆ ಬೆಕ್ಕಿನ ವಿಚಾರ ಯಾಕೆ? ಪಕ್ಕದಲ್ಲಿ ಹೆಮ್ಮಿಗೆಯ ಚಿಕ್ಕಸ್ವಾಮಿ ಕೂತಿದ್ದ, ಮೇಷ್ಟ್ರ ಶಿಷ್ಯನೊಬ್ಬನ ಅಪ್ಪ. ಎತ್ತಕಡೆ ಪ್ರಯಾಣ ಅಂತ ಅವನು ಕೇಳಿದಾಗ, ಬರೆದದ್ದೆಲ್ಲ ಕಳೆದುಹೋಗಿತ್ತು, ನಾದಿನಿ ಮನೆಯಲ್ಲಿ ಇದೆಯಂತೆ, ತರುವುದಕ್ಕೆ ಹೊರಟೆ ಅಂದರು.

"ಉಸಾರು ಸಾ," ಅಂದ ಚಿಕ್ಕಸ್ವಾಮಿ. "ನೆಂಟ್ರ ಮನೇಲಿ ಸಿಕ್ಕಿದ್ ವಸ್ತು ಒಂದೇ ಬರಕಿಲ್ಲ. ಜತೇಲಿ ಮಾತೂ ಬತ್ತದೆ."

ಬಾಗಿಲು ತೆಗೆದದ್ದು ಸುಪ್ರೀತನಲ್ಲ, ಸಿಂಧು, ಪುಟ್ಟಲಕ್ಷ್ಮಿಯ ತಂಗಿ. ಭಾವನಿಗೆ ಕಾಫಿ ಕೊಟ್ಟು, ತಪ್ಪು ಮಾಡಿದವಳ ಲಕ್ಷಣ ಒಂದೂ ಇಲ್ಲದೆ ಕಂಪ್ಯೂಟರಿನ ಮುಂದೆ ಕೂರಿಸಿದಳು. ತೆರೆಯ ಮೇಲೆ ಒಂದು ಬ್ಲಾಗು. ಹೆಸರು 'ಹಾಗಲ್ಲ, ಹೀಗೆ'. ಮೇಷ್ಟ್ರ ಒಂದೊಂದು ಲೇಖನವೂ ಅಲ್ಲಿ ಅಕ್ಷರ ಬಿಡದೆ ಇತ್ತು. ಮೇಲೆ 'ಯಜಮಾನರ ಹೇಳಿಕೆ' ಅಂತ ಮೇಷ್ಟ್ರದು, ಕೆಳಗೆ 'ನಡೆದ ಸಂಗತಿ' ಅಂತ ಇನ್ನೊಂದು. ಅದರ ಕೆಳಗೆ ಓದುಗರು. ಧಾರವಾಡದವರು, ಮಂಗಳೂರಿನವರು, ಕುವೈತಿನಲ್ಲಿರುವ ಕುಂದಾಪುರದವರು. ಹೆಂಗಸರೇ ಹೆಚ್ಚು. ತಮ್ಮ ಮನೆಯ ಯಜಮಾನರ ಹೇಳಿಕೆಗಳನ್ನೂ ಬರೆದು ಕಳಿಸಿದ್ದರು.

ನಡೆಯುತ್ತಿದ್ದದ್ದು ಇಷ್ಟು. ಸಂಜೆ ಮೇಷ್ಟ್ರು ಹೊಳೆದಂಡೆಗೆ ವಾಕಿಂಗು ಹೊರಟರೆ ಇತ್ತ ಅಕ್ಕ ತಂಗಿಯರ ಫೋನು ಶುರು. ಸಿಂಧು ಹೊಸ ಲೇಖನ ಓದಿ ಹೇಳುವಳು. ಅಕ್ಕ ಅವರೆಕಾಯಿ ಸುಲಿಯುತ್ತಾ ನಡೆದದ್ದನ್ನು ಹೇಳುವರು. ತಂಗಿ ಟೈಪು ಮಾಡುವಳು. ಅದರಿಂದ ನಾಲ್ಕು ಸಾಲು ಕಿತ್ತು ಭಾವನ ಬ್ಲಾಗಿಗೂ ಹಾಕುವಳು, ಬೆನ್ನ ಹಿಂದೆ ಆಡಿದೆವು ಅನ್ನಬಾರದಲ್ಲ ಅಂತ.

ಲೋಕದ ಮುಚ್ಚಳಗಳನ್ನೆಲ್ಲ ತೆಗೆದು ನೋಡಿದ್ದ ಸೀತಾರಾಮ ಮೇಷ್ಟ್ರು ಇನ್ನೊಬ್ಬರ ಬ್ಲಾಗನ್ನು ಮಾತ್ರ ತೆರೆದು ನೋಡಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ: ಇದಕ್ಕೆ ಯಾವ ಯಾವ ಪ್ಲಗಿನ್ನು ಹಾಕಿದ್ದೀಯಾ?

"ಏನೂ ಇಲ್ಲ ಭಾವ. ಅಕ್ಕ ಹೇಳ್ತಾಳೆ, ನಾನು ಬರೀತೀನಿ," ಅಂದಳು ಸಿಂಧು.

ಮೇಷ್ಟ್ರು ತಮ್ಮ ಲೇಖನಗಳನ್ನಷ್ಟೇ ಪೆನ್ ಡ್ರೈವಿಗೆ ತುಂಬಿಕೊಂಡರು. 'ನಡೆದ ಸಂಗತಿ'ಗಳನ್ನು ಬೇಕೆಂದೇ ಓದಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ನಿಂತು, ನನಗೊಂದು ಮಾತು ಹೇಳಬಹುದಿತ್ತು ಅಂದರು. ಪುಟ್ಟಲಕ್ಷ್ಮಿ, ಹೇಳುತ್ತಲೇ ಇದ್ದೆನಲ್ಲ, ಪ್ರತಿ ವಾರ ಕೆಳಗೆ ಬರೆದಿರುತ್ತಿತ್ತು ಅಂದರು. ಮೇಷ್ಟ್ರು ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟರು. ಸಭೆಗೆ ನೀನೂ ಬಾ ಅಂದರು. ತನ್ನ ಬರಹಕ್ಕೆ ನಾಲ್ಕು ಜನ ಚಪ್ಪಾಳೆ ತಟ್ಟುವುದನ್ನು ಒಮ್ಮೆ ಕಣ್ಣಾರೆ ನೋಡಲಿ ಅನ್ನುವುದು ಒಳಗಿನ ಆಸೆ.

ಲೇಖನಗಳನ್ನೆಲ್ಲ ಮತ್ತೆ ಹಾಕಿದ್ದಾಯಿತು. ಈ ಸಲ ಹಿಮ ಇಲ್ಲ, ಭೂಪಟ ಇಲ್ಲ, ನಕ್ಷತ್ರ ಇಲ್ಲ. ಬ್ಯಾಕಪ್ಪನ್ನು ಸೀಡಿಗೆ ಬರೆದು ಬೀರುವಿನಲ್ಲಿಟ್ಟರು. ಮೈಸೂರಿನ ಸಭಾಂಗಣ ತುಂಬಿತ್ತು. ಪುಟ್ಟಲಕ್ಷ್ಮಿಯೂ ಸಿಂಧುವೂ ಹಿಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ 'ಯಾಕೆ ಹೀಗೆ?' ಮೂಡಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಇನ್ನೇನು ಶುರುಮಾಡಬೇಕು, ನಡುವಿನ ಸಾಲಿನಿಂದ ಹಿರಿಯ ಹೆಂಗಸೊಬ್ಬರು ಎದ್ದರು.

"ಸಾರ್, ಇದನ್ನ ನಾನು 'ಹಾಗಲ್ಲ, ಹೀಗೆ'ಯಲ್ಲಿ ಹೋದ ವರ್ಷವೇ ಓದಿದೀನಿ. ತಗೊಂಡಿದ್ದಕ್ಕೆ ಬೇಜಾರಿಲ್ಲ. ಆ ಹೆಣ್ಣುಮಗಳ ಹೆಸರಾದರೂ ಹಾಕಬಹುದಿತ್ತು."

ಸಭೆಯಲ್ಲಿ ಗುಜುಗುಜು ಎದ್ದಿತು. ಇವರ ಬ್ಲಾಗಿನಲ್ಲಿರುವ ತಾರೀಕೆಲ್ಲ ಈ ವಾರದ್ದೇ ಅಂತ ಇನ್ನೊಬ್ಬರು ಪರದೆಯ ಕಡೆ ಬೊಟ್ಟು ಮಾಡಿದರು. ಮೇಷ್ಟ್ರು ಮೈಕನ್ನು ಹತ್ತಿರ ಎಳೆದುಕೊಂಡರು. ಬರೆದವನು ನಾನೇ, ಇದರಲ್ಲಿ ಬರುವ ಮನೆಯವರು ನಮ್ಮ ಮನೆಯವರೇ ಅಂದರು. ಹಾಗಂತ ಯಾರು ಬೇಕಾದರೂ ಹೇಳಬಹುದು ಅಂತ ಯಾರೋ ಅಂದರು. ಕೊನೆಗೆ ಮೇಷ್ಟ್ರು ಹಿಂದಿನ ಸಾಲಿನ ಕಡೆ ನೋಡಿದರು. ಮಿಕ್ಸಿ ಬಿಚ್ಚಿದ ದಿನವೂ ಅವರು ಹೆಂಡತಿಯನ್ನು ಅಷ್ಟು ದೀನವಾಗಿ ನೋಡಿರಲಿಲ್ಲ.

ಪುಟ್ಟಲಕ್ಷ್ಮಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಬರೆದದ್ದು ಇವರೇ," ಅಂದರು. ಮೇಷ್ಟ್ರು ಉಸಿರು ಬಿಟ್ಟರು. "ನಡೆದದ್ದು ಮಾತ್ರ ಹಾಗಲ್ಲ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದಮೇಲೆ ಎದ್ದ ಚಪ್ಪಾಳೆಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಮೊದಲು ಎದ್ದಿದ್ದ ಹೆಂಗಸು ತಾವೇ ಬಂದು ಪುಟ್ಟಲಕ್ಷ್ಮಿಯ ಕೈಹಿಡಿದು ವೇದಿಕೆಗೆ ಕರೆತಂದರು. ಮೈಕು ಕೈ ಬದಲಾಯಿಸಿತು. ಯಾರೋ ಪರದೆಯ ಮೇಲೆ 'ಹಾಗಲ್ಲ, ಹೀಗೆ' ತೆರೆದರು. ಪುಟ ಉರುಳಿಸಲು ಒಬ್ಬರು ಬೇಕಾಗಿ, ಮೇಷ್ಟ್ರಿಗೆ ಕಂಪ್ಯೂಟರಿನ ಪಕ್ಕ ಒಂದು ಸ್ಟೂಲು ಹಾಕಿದರು.

ಆಕೆ ಆರಿಸಿಕೊಂಡದ್ದು ಛತ್ರಿಯ ಪ್ರಸಂಗ. ತನ್ನ ಹೊಸ ಛತ್ರಿ ಕೊಂಡ ವಾರದಲ್ಲೇ ಮಾಯವಾದದ್ದು ಯಾಕೆ ಅಂತ ಮೇಷ್ಟ್ರು ಉದ್ದಕ್ಕೆ ಬರೆದು, ಕಾರಣ ಇವತ್ತಿಗೂ ನಿಗೂಢ ಅಂತ ಮುಗಿಸಿದ್ದ ಲೇಖನ. ಅದರ ಕೆಳಗೆ 'ನಡೆದ ಸಂಗತಿ' ಶುರುವಾಗುತ್ತಿತ್ತು: "ಆ ಛತ್ರಿ ಕಳೆದುಹೋಗಿರಲೇ ಇಲ್ಲ."

ಮೇಷ್ಟ್ರು ಸಭೆಯನ್ನು ಮರೆತರು. ಸ್ಟೂಲಿನ ತುದಿಗೆ ಸರಿದು, ಮುಂದೇನು ಅಂತ ತಿಳಿಯುವ ತವಕದಲ್ಲಿ ಸರಸರ ಪುಟ ಇಳಿಸತೊಡಗಿದರು.

"ಏನೂಂದ್ರೆ, ಅಷ್ಟು ಬೇಗ ಇಳಿಸಬೇಡಿ," ಅಂದರು ಪುಟ್ಟಲಕ್ಷ್ಮಿ, ಮೈಕಿನಲ್ಲಿ. "ಜನಾನೂ ಓದಬೇಕಲ್ಲ."