ಚಪ್ಪಲಿ ಬಿಟ್ಟು ಲಾರಿ ಹತ್ತಿ

ಮನುಷ್ಯನ ಹೆಮ್ಮೆ ಎಲ್ಲಿ ಹೋಗಿ ಕೂರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಕೆಲವರಿಗೆ ಮೀಸೆಯಲ್ಲಿ, ಕೆಲವರಿಗೆ ಮಗನ ಮಾರ್ಕ್ಸ್ ಕಾರ್ಡಿನಲ್ಲಿ, ನಮ್ಮ ಓಣಿಯ ಒಬ್ಬರಿಗೆ ತಮ್ಮ ಎಮ್ಮೆಯ ಕೋಡಿನಲ್ಲಿ. ನನ್ನದು ಮಾತ್ರ ಜನ ಕಾಲಿಡುವ ಜಾಗದಲ್ಲೇ ಹೋಗಿ ಕೂತಿತು. ಲಾರಿ ಹತ್ತುವಾಗ ಬಾಗಿಲ ಕೆಳಗೆ ಒಂದು ತಗಡಿನ ಮೆಟ್ಟಿಲು ಇರುತ್ತದಲ್ಲ, ನಮ್ಮ ಕಡೆ ಪಾವಟಿಗೆ ಅನ್ನುತ್ತೇವೆ, ಅದರಲ್ಲಿ.

ಏಳನೆಯ ತರಗತಿಗೇ ಶಾಲೆಗೆ ಕೈ ಮುಗಿದು ಲಾರಿ ತೊಳೆಯಲು ಹೋದವನು ನಾನು. ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಕೊಟ್ಟೂರಿನಲ್ಲಿ ಸ್ವಂತ ಲಾರಿಯ ಮಾಲೀಕನಾದೆ. ಸ್ವಂತದ್ದೇ ಹೌದು, ಹೊಸದಲ್ಲ. ನಾನು ಹುಟ್ಟುವ ಮೊದಲೇ ರಸ್ತೆಗಿಳಿದ, ಉದ್ದ ಮೂಗಿನ ಹಳೆಯ ಕಾಲದ ಗಾಡಿ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಶೇಂಗಾ ಮಿಲ್ಲಿನ ಹಿಂದೆ ಜಾಲಿಗಿಡಗಳ ನಡುವೆ ಮಲಗಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಆ ಕೋಳಿಯನ್ನು ಮರ್ಯಾದೆಯಿಂದ ಕೆಳಗಿಳಿಸಿ, ಗಾಡಿಯನ್ನು ಎಳೆದು ತಂದು, ಇಂಜಿನ್ ಬಿಚ್ಚಿ, ಹೊಸ ಕಟ್ಟಿಗೆಯ ಬಾಡಿ ಕಟ್ಟಿಸಿದೆ. ಬಣ್ಣಕ್ಕೆ ಹರಪನಹಳ್ಳಿಯ ಪೇಂಟರ್ ಇಮಾಮ್‌ಸಾಬರ ಹತ್ತಿರ ಬಿಟ್ಟೆ. ಅವರು ಮೂಗಿಗೆ ಹಸಿರು, ಬಾಗಿಲಿಗೆ ನವಿಲು ಎಲ್ಲ ಬರೆದು ಮುಗಿಸಿದ ಮೇಲೂ ಸ್ವಲ್ಪ ಬಣ್ಣ ಉಳಿದಿತ್ತಂತೆ. ಎರಡೂ ಪಾವಟಿಗೆಗಳಿಗೆ ಕುಂಕುಮಗೆಂಪು ಬಳಿದು, ಸುತ್ತ ಹಳದಿ ಅಂಚು ಎಳೆದು, ನಡುವೆ ಒಂದೊಂದು ಕಮಲದ ಹೂ ಬಿಡಿಸಿಬಿಟ್ಟರು. ಮದುವೆಯ ಮಣೆಗೂ ಅಷ್ಟು ಅಂದ ಇರುವುದಿಲ್ಲ. ಕೈ ಒರೆಸಿಕೊಳ್ಳುತ್ತ, “ಅಣ್ಣಾ, ಇದರ ಮ್ಯಾಲೆ ಯಾರರ ಕಾಲಿಟ್ರ ನನ್ನ ಎದಿ ಮ್ಯಾಲೆ ಇಟ್ಟಂಗ ನೋಡ್ರಿ” ಅಂದರು. ಹಾಗೆ ಹೇಳಿ ಅವರು ಮನೆಗೆ ಹೋದರು. ಅವರ ಎದೆಯನ್ನು ಕಾಯುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಗೋಣಿತಾಟು ಹಾಸಿದೆ. ಮಳೆ ಬಂದು ನೆನೆದು, ಬಿಸಿಲಿಗೆ ಅಂಟಿಕೊಂಡು, ಎತ್ತುವಾಗ ಕಮಲದ ಒಂದು ಎಸಳು ತಾಟಿನ ಜೊತೆಗೇ ಎದ್ದು ಬಂತು. ಇಮಾಮ್‌ಸಾಬರನ್ನು ಮತ್ತೆ ಕರೆಸಿ ಹೂವಿಗೆ ಎಸಳು ಕೂಡಿಸಿದೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಹೂ ಚೆನ್ನಾಗಿ ಕಾಣುತ್ತಿತ್ತು, ಆದರೆ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಅದರ ಮೇಲೆ ಜಾರಿ ನನ್ನ ಕೊರಳಿಗೆ ಜೋತುಬಿದ್ದರು. ಇಬ್ಬರೂ ಸೇರಿ ಸಗಣಿಯಲ್ಲಿ ಕೂತೆವು. ಕೊನೆಗೆ ಎಲ್ಲ ಬಿಟ್ಟು ಒಂದೇ ಕಾಯಿದೆ ಮಾಡಿದೆ: ನನ್ನ ಲಾರಿ ಹತ್ತುವವರು ಚಪ್ಪಲಿ ಬಿಟ್ಟು ಹತ್ತಬೇಕು. ನಾನೂ ಬಿಟ್ಟೇ ಹತ್ತುತ್ತಿದ್ದೆ. ನನ್ನ ಚಪ್ಪಲಿಗೆಂದು ಸೀಟಿನ ಕೆಳಗೆ ಒಂದು ಕೈಚೀಲವನ್ನೇ ಇಟ್ಟಿದ್ದೆ. ಸಂತೆಯ ಜನ, “ಏನ್ಲೇ ಇದು, ಗಾಡಿನೋ ಗರ್ಭಗುಡಿನೋ?” ಎಂದು ನಕ್ಕರು. ನಕ್ಕರೂ ಚಪ್ಪಲಿ ಬಿಟ್ಟರು. ನನಗೆ ಅಷ್ಟೇ ಬೇಕಾಗಿದ್ದುದು.

ಹೀಗಿರುವಾಗ ಹೆಂಡತಿಯ ತಂಗಿ ಶಿವಲೀಲಾಳಿಗೆ ಹಂಪಸಾಗರದ ಒಂದು ಒಳ್ಳೆಯ ಸಂಬಂಧ ಬಂತು. ನಮ್ಮ ಮಾವ ಚನ್ನಬಸಪ್ಪನವರು ಕಾನಹೊಸಹಳ್ಳಿಯಲ್ಲಿ ಗಟ್ಟಿ ಕುಳ. ಅವರ ಮಾತಿಗಿಂತ ಮೊದಲು ಅವರ ಚಪ್ಪಲಿ ಮಾತಾಡುತ್ತಿತ್ತು. ಎಣ್ಣೆ ಕುಡಿಸಿದ ದಪ್ಪ ತೊಗಲಿನ ಚಪ್ಪಲಿ, ಓಣಿಯ ಆ ತುದಿಗೆ ಕಿರ್ರ್ ಅಂದರೆ ಈ ತುದಿಯಲ್ಲಿ ಕಟ್ಟೆಯ ಮೇಲೆ ಕೂತವರು ಏಳುತ್ತಿದ್ದರು. ಆ ದೌಲತ್ತಿನಿಂದಲೇ ಎರಡು ಸಂಬಂಧ ತಪ್ಪಿದ್ದವು. “ಹುಡುಗಿ ಬಂಗಾರದಂಥಾಕಿ, ಆದ್ರ ಅವರಪ್ಪ ಭಾಳ ಜಂಬದಾಂವ” ಎಂಬ ಸುದ್ದಿ ಹಂಪಸಾಗರಕ್ಕೂ ಮುಟ್ಟಿತ್ತು. ಇದೂ ತಪ್ಪಿದರೆ ತಂಗಿಯ ಗತಿಯೇನು ಎಂದು ನನ್ನ ಹೆಂಡತಿ ಗೌರಮ್ಮ ವಾರದಿಂದ ಸರಿಯಾಗಿ ಉಂಡಿರಲಿಲ್ಲ.

ವರನ ಮನೆ ನೋಡಲು ನನ್ನ ಲಾರಿಯಲ್ಲೇ ಹೊರಟೆವು. ಮಾವನವರು ಪಾವಟಿಗೆಗೆ ಕಾಲೆತ್ತಿದರು. ನಾನು ಮೆಲ್ಲಗೆ, “ಮಾವ, ಚಪ್ಪಲಿ...” ಅಂದೆ. ಅವರು ಮಗಳ ಮುಖ ನೋಡಿದರು. ಗೌರಮ್ಮ, “ಬಿಟ್ಟು ಹತ್ತಪ್ಪ, ಇಲ್ಲಾಂದ್ರ ಈ ಮನುಷ್ಯಾ ಗಾಡಿ ಬಿಡಂಗಿಲ್ಲ” ಅಂದಳು. ಮಾವ ಸರಸರ ಚಪ್ಪಲಿ ಕಳಚಿ ಹತ್ತಿದರು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಪಕ್ಕದಲ್ಲಿ ಗೌರಮ್ಮ ತನ್ನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಗಾಡಿ ಬಿಟ್ಟೆ.

ಹಂಪಸಾಗರದಲ್ಲಿ ಬೀಗರಾಗುವವರು ಕಾಲಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮಾವ ಕೆಳಗಿಳಿದು, ಸುಡುವ ನೆಲಕ್ಕೆ ಪಾದ ತಾಗಿದ ಕೂಡಲೇ ಒಮ್ಮೆ ಹಾರಿದರು. “ನನ್ನ ಚಪ್ಪಲಿ ಎಲ್ಲಿ?” ಎಂದು ಹಲ್ಲು ಕಚ್ಚಿಕೊಂಡು ಕೇಳಿದರು. ಆಗ ತಿಳಿಯಿತು. ಹುಟ್ಟಿದಾಗಿನಿಂದ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ರೂಢಿಯಾದ ಮನುಷ್ಯ, ಲಾರಿಯ ಹೊರಗೂ ಹಾಗೆಯೇ ಬಿಟ್ಟಿದ್ದರು. ಅವು ಕಾನಹೊಸಹಳ್ಳಿಯಲ್ಲೇ, ಅವರ ಮನೆಯ ಮುಂದೆ, ಒಡೆಯನಿಗಾಗಿ ಕಾಯುತ್ತಿದ್ದವು. ನನ್ನ ಕೈಚೀಲದ ಚಪ್ಪಲಿ ಕೊಡೋಣವೆಂದರೆ ಅವರ ಹಿಮ್ಮಡಿ ಅರ್ಧ ಹೊರಗೇ ಉಳಿಯಿತು. ಅದನ್ನು ನಾನಾದರೂ ಮೆಟ್ಟೋಣ ಎಂದುಕೊಂಡೆ. ಮಾವ ನನ್ನನ್ನು ನೋಡಿದ ನೋಟಕ್ಕೆ ಚೀಲ ತಾನಾಗಿ ಸೀಟಿನ ಕೆಳಗೆ ಹೋಯಿತು.

ಬೀಗರು ಮಾವನವು, ನನ್ನವು ಸೇರಿ ನಾಲ್ಕೂ ಬರಿಗಾಲು ನೋಡಿ ಕೇಳಿಯೇಬಿಟ್ಟರು. “ಯಾಕ್ರಿ ಯಜಮಾನ್ರ, ಇಂಥಾ ಬಿಸಿಲಾಗ ಬರಿಗಾಲಾಗ ಬಂದೀರಿ?”

ಅಳಿಯನ ಲಾರಿಯ ಬಣ್ಣ ಹೋಗುತ್ತದೆಂದು ಚಪ್ಪಲಿ ಬಿಟ್ಟೆವು ಎಂದು ಹೇಳಿದರೆ ಮನೆತನವೆಲ್ಲ ನಗೆಪಾಟಲು. ಮಾವನ ಬಾಯಿ ತೆರೆದದ್ದು ಕಂಡು ಗೌರಮ್ಮ ನಡುವೆ ನುಗ್ಗಿದಳು. “ಹರಕಿ ಐತ್ರಿ. ತಂಗಿ ಕೊರಳಾಗ ತಾಳಿ ಬೀಳೋತನ ಅಪ್ಪ ಚಪ್ಪಲಿ ಮೆಟ್ಟಂಗಿಲ್ಲ ಅಂತ ಬೇಡಿಕೊಂಡಾರ. ಅದಕ್ಕ ಇವ್ರೂ ಬಿಟ್ಟಾರ್ರಿ.”

ಬೀಗರು ನಿಂತಲ್ಲೇ ಕರಗಿದರು. “ನಾವು ಏನೇನೋ ಕೇಳಿದ್ವಿ. ಮಗಳಿಗಾಗಿ ಕಾಲು ಸುಟ್ಕೊಳ್ಳೋ ಮನುಷ್ಯಾ ಜಂಬದಾಂವ ಅಂದ್ರ ಯಾರು ನಂಬತಾರ್ರಿ!” ಎಂದು ತಾವೇ ಬಾಗಿ ಮಾವನ ಪಾದಕ್ಕೆ ನೀರು ಹೊಯ್ದರು. ಊಟಕ್ಕೆ ಎಲೆ ಹಾಕುವುದರೊಳಗೆ ಮಾತು ಮುಗಿಯಿತು. ಎಲೆ ಅಡಿಕೆಯೂ ಆಯಿತು.

ಆದರೆ ಹರಕೆ ಹರಕೆಯೇ. ಮದುವೆಯವರೆಗೆ ಬೀಗರ ಕಡೆಯವರು ಯಾವ ಬಸ್ಸಿನಿಂದ ಇಳಿಯುತ್ತಾರೋ ಯಾವ ಸಂತೆಯಲ್ಲಿ ಎದುರಾಗುತ್ತಾರೋ ಎಂದು ಮಾವ ಬರಿಗಾಲಲ್ಲೇ ತಿರುಗಿದರು. ನಾನೂ ತಿರುಗಿದೆ. ಸದ್ದಿಲ್ಲದೆ ಬರುವ ಮಾವನವರನ್ನು ಕಂಡು ಕಟ್ಟೆಯ ಜನ ಬೆಚ್ಚುತ್ತಿದ್ದರಂತೆ. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದಾಗಲೆಲ್ಲ ಅವರು ದೇವರ ಹೆಸರು ಹೇಳುತ್ತಿರಲಿಲ್ಲ, ನನ್ನ ಹೆಸರು ಹೇಳುತ್ತಿದ್ದರು. ನನ್ನೊಡನೆ ಮಾತು ಬಿಟ್ಟರು.

ಮದುವೆ ಚೆನ್ನಾಗಿ ಆಯಿತು. ತಾಳಿ ಬಿದ್ದ ಕೂಡಲೇ ಮಾವನ ಚಪ್ಪಲಿಯ ಕಿರ್ರ್ ಸದ್ದು ಮತ್ತೆ ಕೇಳಿತು. ಮದುಮಗಳನ್ನು ಗಂಡನ ಮನೆಗೆ ಕಳಿಸಲು ಲಾರಿಗೆ ಬಾಳೆಕಂಬ, ಚೆಂಡುಹೂ ಕಟ್ಟಿ ನಿಲ್ಲಿಸಿದ್ದೆ. ಪಾವಟಿಗೆ ಒರೆಸಿ ಕನ್ನಡಿ ಮಾಡಿದ್ದೆ. ಶಿವಲೀಲಾ ಬಂದಳು. ಕಾಲಲ್ಲಿ ಹೊಸ ಚಪ್ಪಲಿ. ನಾನು ಬಾಯಿ ಬಿಡುವ ಮೊದಲೇ, “ನಂಗೊತ್ತೈತಿ ಭಾವ” ಎಂದು ಕಣ್ಣೊರೆಸಿಕೊಳ್ಳುತ್ತ ಚಪ್ಪಲಿ ಕಳಚಿದಳು. ಎಂಥ ಹುಡುಗಿ ಅಂದುಕೊಂಡೆ. ಬರಿಗಾಲನ್ನು ಕಮಲದ ಮೇಲೆ ಊರಿ, ತವರಿನ ಕಡೆ ಒಮ್ಮೆ ಹೊರಳಿದಳು. ಚರ್ರ್ ಅಂದಿತು. ಅಂದೇ ತೊಡಿಸಿದ ಗಟ್ಟಿ ಬೆಳ್ಳಿಯ ಕಾಲುಂಗುರ ಹೂವಿನ ಈ ಅಂಚಿನಿಂದ ಆ ಅಂಚಿನವರೆಗೆ ಬಿಳಿ ಗೀರು ಎಳೆದಿತ್ತು, ಬಣ್ಣ ಹೋಗಿ ತಗಡು ಕಾಣುವ ಹಾಗೆ.

ನನಗೆ ತಡೆಯಲಾಗಲಿಲ್ಲ. ಪಾವಟಿಗೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ, ಕಣ್ಣಲ್ಲಿ ನೀರು ಬಂತು. ಹೆಂಗಸರು, “ಅಯ್ಯ, ನಾದಿನಿ ಹೊಂಟ್ಳಂತ ಹೆಂಗ ಅಳಾಕತ್ತಾರ ನೋಡ್ರೆವ್ವಾ” ಎಂದು ತಾವೂ ಕಣ್ಣಿಗೆ ಸೆರಗು ಹಚ್ಚಿದರು. ಕಿರ್ರ್ ಎನ್ನುತ್ತ ಮಾವ ಬಂದು ಹೆಗಲ ಮೇಲೆ ಕೈಯಿಟ್ಟರು. ಅಷ್ಟು ದಿನದ ಮೇಲೆ ಮೊದಲ ಸಲ ಮಾತಾಡಿದರು. “ಏಳ್ರಿ ಅಳಿಯಂದಿರ. ನೀವು ಆಕಿನ್ನ ಇಷ್ಟು ಹಚ್ಕೊಂಡೀರಿ ಅಂತ ನನಗ ಗೊತ್ತಿರಲಿಲ್ಲ.”

ನಿಜ ಗೊತ್ತಿದ್ದವಳು ಗೌರಮ್ಮ ಒಬ್ಬಳೇ. ಅವಳು ನನ್ನ ಕಿವಿಯ ಹತ್ತಿರ ಬಾಗಿ, “ಆಕಿ ಚಪ್ಪಲಿ ಹಾಕ್ಕೊಂಡ ಹತ್ತಿದ್ರ ಈ ಗೀರು ಬೀಳ್ತಿರಲಿಲ್ಲ ನೋಡ್ರಿ” ಅಂದಳು.

ಅದನ್ನು ಕೇಳಿದ ಮೇಲೆ ನಾನು ಬಿಕ್ಕಿಬಿಕ್ಕಿ ಅತ್ತದ್ದನ್ನು ಹಂಪಸಾಗರದವರು ಇವತ್ತಿಗೂ ಹೊಗಳುತ್ತಾರೆ.